ದಸ್ತಿ

ಅದನ್ನ ಹಾಡಂಗಿಲ್ಲ ಅಂದೆ.
ಗಂಡಿನ ಕಡ್ಯಾರು ನಕ್ಕರು:
ಹಾಡ್ತಾಳ ಬಿಡ್ರಿ, ಅದು ಬಿಟ್ಟು ಆಕಿಗಿ ಬ್ಯಾರೆ ಏನ ಬರ್ತದ?

ಬರ್ತದ.
ಹೇಳಲಿಲ್ಲ. ಮೈಕಿನ ವಾಯರು ಸರಿ ಮಾಡಿಕೊಂಡೆ.

ತೊಂಬತ್ತೇಳರಾಗ, ಕಲಬುರಗಿ ಸೂಪರ್ ಮಾರ್ಕೆಟ್ ಕಡಿ ಒಂದು ಮ್ಯಾಲಿನ ಖೋಲಿ.
ಗೋಡಿಗಿ ತತ್ತಿ ಟ್ರೇ ಬಡದಿದ್ದರು,
ಸಪ್ಪಳಾಗ್ತದಂತ ಫ್ಯಾನು ಬಂದ್.
ಏಳು ಹಾಡು ಮುಗದಿದ್ದವು.
ಏಳನೇದು ಖಣಿ ಹಾಡು.
ನಮ್ಮಪ್ಪ ಶಹಾಬಾದ ಕಲ್ಲು ಸೀಳೂವಾಗ
ಒಂದು ಪೆಟ್ಟಿಗೂ ಇನ್ನೊಂದು ಪೆಟ್ಟಿಗೂ ನಡುವ
ಉಸುರು ಹಿಡೀತಿದ್ದನಲ್ಲ, ಆ ತಾಳಕ್ಕ ಕೂಡಿಸಿದ್ದು.
ಹನ್ನೊಂದು ತಿಂಗಳು ಹಿಡದಿತ್ತು.

ಕ್ಯಾಸೆಟ್ಟಿನ ಮಲ್ಕಣ್ಣ ಗಡಿಯಾರ ನೋಡಿದ.
ಬಿ ಸೈಡಿಗಿ ನಾಕು ಮಿನಿಟು ಖಾಲಿ ಉಳೀತದ ತಂಗಿ,
ಜನ ರೊಕ್ಕ ವಾಪಸ್ ಕೇಳ್ತಾರ, ಏನರೆ ತುಂಬು.

ಕಿಟಕ್ಯಾಗಿಂದ ಬಗ್ಗಿ ನೋಡಿದೆ.
ಕೆಳಗ ಬಸ್ಸಿನೊಳಗ ಯಾವನೋ ದಸ್ತಿ ಒಗದು
ಸೀಟು ಹಿಡೀಲಾಕತ್ತಿದ್ದ.
ದಸ್ತಿ ಒಗಿ ಮಾವ, ದಸ್ತಿ ಒಗಿ,
ನಿನ್ನ ಬಾಜೂಕ ನಂದೊಂದು ಜಾಗ ಹಿಡಿ
ಅಂದೆ, ಸುಮ್ಮ. ಮೈಬುಸಾಬ ಪೇಟಿ ಎಳಕೊಂಡ.
ಚಹಾ ಆರೂದ್ರಾಗ ಹಾಡು ಮುಗೀತು.

ಆ ಆರದ ಚಹಾದ ಮ್ಯಾಲ ಇಪ್ಪತ್ತೇಳು ವರ್ಷ ಉಂಡೀನಿ,
ಖರೆ. ಪತ್ರಾಸ ತಗದು ಹಾಕಿದ ಸ್ಲ್ಯಾಬು ಅದರದೇ,
ಮಗಳ ಡಿ.ಎಡ್ ಫೀ ಅದರದೇ.
ಆದರ ಹೇಳ್ರಿ,
ಉಪಕಾರ ಮಾಡಿದವರ ಮಾರಿ
ದಿನಾ ಮುಂಜಾನೆದ್ದು ನೋಡ್ಲಾಕ ಆಗ್ತದೇನು?

ಟಂಟಂದಾಗ ಅದು. ಹಿಟ್ಟಿನ ಗಿರಣ್ಯಾಗ ಅದು.
ಸಾಲಿ ಗ್ಯಾದರಿಂಗಿನ್ಯಾಗ ಮೂರನೆತ್ತೆ ಹುಡುಗ್ಯಾರು
ಸೊಂಟ ತಿರುವಿ ತಿರುವಿ ಅದು.
ಎಲೆಕ್ಷನ್ನಿನ್ಯಾಗ 'ವೋಟು ಒಗಿ ಮಾವ' ಮಾಡಿದರು;
ಸೋತವ ರೊಕ್ಕ ಕೊಡಲಿಲ್ಲ, ಗೆದ್ದವ ಗುರುತು ಹಿಡೀಲಿಲ್ಲ.
ಸೂಜಿ ಚುಚ್ಚೂ ಸಿಸ್ಟರ್ ಅದನ್ನೇ ಗುನುಗುತಾ
ಹೆಸರು ಏನ್ರಿ ಅಂದಳು.
ಜಗದೇವಿ ಅಂದೆ. ಬರಕೊಂಡಳು.

ಖಣಿ ಹಾಡು ಸುರು ಮಾಡಿದರ
ಜನ ನೀರು ಕುಡ್ಯಾಕ ಏಳ್ತಾರ.

ಮೈಬುಸಾಬಗ ಅಂತಿದ್ದೆ:
ಆ ನಾಕು ಮಿನಿಟು ಖಾಲಿನೇ ಬಿಡಬೇಕಿತ್ತು.
ಅವ ಬೀಡಿ ಆರಿಸಿ, ಕಿವಿಗಿ ಸಿಗಿಸಿಕೊಂಡು:
ನನ್ನ ನೋಡು, ಮೊದಲ ನುಡಿ ತುದ್ಯಾಗ
ಬೆರಳು ಜಾರಿ ಕರಿ ಪಟ್ಟಿ ಮ್ಯಾಲ ಬಿದ್ದದ,
ಇಡೀ ಜಿಲ್ಲಾ ನನ್ನ ತಪ್ಪು ಬಾಯಿಪಾಠ ಮಾಡ್ಯದ.

ಮೊನ್ನೆ ಅವನ ಜಿಯಾರತ್ ಮುಗಿಸಿ
ಯಾದಗಿರಿಯಿಂದ ಶಹಾಪುರಕ್ಕ ಹೊಂಟಿದ್ದೆ.
ಪೇಟಿ ಮ್ಯಾಲ ಗಾದಿ ಒಟ್ಟಿದ್ದರು, ನೋಡಿ ಬಂದಿದ್ದೆ.
ಬಸ್ಸಿನ್ಯಾಗ ಸೀಟಿಗೊಂದು ದಸ್ತಿ, ಚೀಲ,
ಒಂದರ ಮ್ಯಾಲ ಕೂಸಿನ ಟೊಪಗಿ.
ನಿಂತೆ.

ಭೀಮಾ ಸೇತುವಿ ಮ್ಯಾಲ ಮುಂದಿನ ಹುಡುಗನ ಫೋನು ಬಡಕೊಂಡಿತು.
ಅದೇ.
ಅವ ನಿದ್ದಿಗಣ್ಣಾಗ ಯಾವ ಕಿಸೆ ಅಂತ ತಡಕಾಡಿದ.
ನಾ ಹಲ್ಲು ಕಡದೆ, ರೂಢಿ.
ನನ್ನ ದನಿ, ಬೆಲ್ಲಕ್ಕ ಮುತ್ತಿದ ನೊಣದಂಗ.
ಅದರ ಹಿಂದ ಪೇಟಿ.
ಇಷ್ಟು ವರ್ಷ ನನ್ನನ್ನೇ ಕೇಳಿ ಬ್ಯಾಸತ್ತಿದ್ದೆ,
ಅವನ್ನ ಕೇಳಿದ್ದೇ ಇಲ್ಲ.
ತಿದಿ ಗಾಳಿ ತಗೊಳ್ಳೂ ಸಪ್ಪಳ ಸುದ್ದಾ ಅದ ಅದರಾಗ,
ಮ್ಯಾಲುಸುರು ಬಿಟ್ಟಂಗ.
ಈಗ ಬರ್ತದ, ಕರಿ ಪಟ್ಟಿ,
ಈಗ

ಹಲೋ, ಅಂದ ಹುಡುಗ, ಬಸ್ಸಿನ್ಯಾಗ ಇದ್ದೀನಿ ಮಾರಾಯ.

ಖಾನಾಪುರ ಹೋತು.
ದೋರನಹಳ್ಳ್ಯಾಗ ಸೀಟು ಖಾಲಿ ಆದವು,
ಕುಂದ್ರ ಬೇ ಯಕ್ಕಾ, ಅಂದರು ಯಾರೋ.
ಇಲ್ರಿ, ಇರಲಿ, ಅಂದೆ.
ರಾಡು ಹಿಡಕೊಂಡು ಅವನ ಕಿಸೆ ಹತ್ತಿರಾನೇ ನಿಂತೆ,
ಮತ್ತ ಯಾರರೆ ಫೋನು ಮಾಡ್ಯಾರಂತ.